ಹಾಡುವವ ಹೋದ ಮೇಲೆ

ಭಾಳ ದಿನ ಆಯ್ತು ಇಲ್ಲಿ ಏನಾದರೂ ಬರೆದು. ಬಿಡುವಿರಲಿಲ್ಲ ಅಂತ ಸುಳ್ಳು ಹೇಳೋದಿಲ್ಲ, ಬರೆಯೋ ಮನಸ್ಸೇ ಇರಲಿಲ್ಲ. ಹೋದ ವರ್ಷ ನಮ್ಮ ಕಾಕಾ ತೀರಿಕೊಂಡರು. ಹೊಸರಿತ್ತಿಯಲ್ಲಿ ನಮ್ಮ ಓಣಿಯ ಭಜನಾ ಮೇಳಕ್ಕೆ ಅವರೇ ದನಿ. ಪೇಟಿ ಬಾರಿಸುವವರೂ ಅವರೇ, ಹಾಡು ಎತ್ತುವವರೂ ಅವರೇ. ಉಳಿದ ನಾವೆಲ್ಲ ತಾಳ ಕುಟ್ಟುತ್ತ ಹಿಂದೆ ಹೇಳುವ ಮಂದಿ. ಅವರು ಹೋದ ಮೇಲೆ ಪೇಟಿಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸಿಬಿಟ್ಟೆವು. ಶ್ರಾವಣ ಬಂತು, ಹೋಯಿತು. ಗುಡಿಯಲ್ಲಿ ಭಜನೆ ಆಗಲೇ ಇಲ್ಲ. ಯಾರೂ ಆ ಮಾತು ಎತ್ತಲೂ ಇಲ್ಲ.

ಮೊನ್ನೆ ಬೆಂಗಳೂರಿನಿಂದ ಅಕ್ಕನ ಮಗ ಬಂದಿದ್ದ. ಅವನಿಗೆ ರಾಕ್ ಸಂಗೀತದ ಹುಚ್ಚು. ಪಡಸಾಲೆಯಲ್ಲಿ ಸ್ಪೀಕರ್ ಇಟ್ಟು ಏನೋ ಹಚ್ಚಿದ. ಢಣ್... ಅಂತ ಒಂದು ದೊಡ್ಡ ಗಂಟೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಢಣ್...

ಒಳಗಿಂದ ಅವ್ವ ಕೇಳಿದಳು, "ಈ ಹೊತ್ನ್ಯಾಗ ಗುಡಿ ಗಂಟಿ ಯಾಕ ಬಾರ್ಸಾಕತ್ಯಾರೋ? ಯಾರರ ಹೋದ್ರೇನು?"

"ಹೂಂ ಅಜ್ಜಿ, ಹಾಡವ ಹೋಗ್ಯಾನ, ಅದಕ್ಕ ಈ ಗಂಟಿ" ಅಂದ ಅವನು. ನಗಾಡುತ್ತಲೇ ಅಂದ. ಆದರೆ ಅವ್ವ ಹೊರಗೆ ಬಂದು ಕೂತಳು, ನಾನೂ ಕೂತೆ. ಅವನು ಕಥೆ ಹೇಳಿದ.

ಎಸಿ/ಡಿಸಿ ಅಂತ ಆಸ್ಟ್ರೇಲಿಯಾದ ಒಂದು ತಂಡ. ಅದರ ಹಾಡುಗಾರ ಬಾನ್ ಸ್ಕಾಟ್. 1979ರಲ್ಲಿ ಬಂದ 'ಹೈವೇ ಟು ಹೆಲ್' ಆಲ್ಬಮ್ ಅವರಿಗೆ ಅಮೆರಿಕದಲ್ಲೂ ಹೆಸರು ತಂದಿತ್ತು. 1980ರ ಫೆಬ್ರವರಿ 19ರಂದು ಲಂಡನ್ನಿನಲ್ಲಿ, ರಾತ್ರಿ ಕುಡಿದು ಕಾರಿನಲ್ಲಿ ಮಲಗಿದವನು ಮತ್ತೆ ಏಳಲಿಲ್ಲ. ವಯಸ್ಸು 33. ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ ಅಣ್ಣತಮ್ಮ ಮಾಲ್ಕಮ್ ಯಂಗ್ ಮತ್ತು ಆಂಗಸ್ ಯಂಗ್ ಎಲ್ಲ ಬಿಟ್ಟುಬಿಡೋಣ ಅಂತಲೂ ಯೋಚಿಸಿದರು. ಆಮೇಲೆ ಬ್ರಯಾನ್ ಜಾನ್ಸನ್ ಎಂಬವನನ್ನು ಕರೆದರು. ಅವನು ಹಿಂದೆ ಒಂದು ಬ್ಯಾಂಡಿನಲ್ಲಿ ಹಾಡಿದವನು, ಆಗ ನ್ಯೂಕ್ಯಾಸಲ್ಲಿನಲ್ಲಿ ಕಾರುಗಳ ಛತ್ತಿಗೆ ಹೊದಿಕೆ ಹಾಕುವ ಅಂಗಡಿ ಇಟ್ಟುಕೊಂಡಿದ್ದ. ವಿಚಿತ್ರ ಅಂದರೆ, ಹಿಂದೊಮ್ಮೆ ಬಾನ್ ಸ್ಕಾಟನೇ ಅವನ ಹಾಡು ಕೇಳಿ ಮೆಚ್ಚಿ ಗೆಳೆಯರ ಮುಂದೆ ಹೊಗಳಿದ್ದನಂತೆ. ಬಹಾಮಾಸ್ ದ್ವೀಪದಲ್ಲಿ ಕೂತು ಹಾಡು ಮುದ್ರಿಸಿದರು. ಜುಲೈ 25ಕ್ಕೆ 'ಬ್ಯಾಕ್ ಇನ್ ಬ್ಲ್ಯಾಕ್' ಹೊರಬಂತು. ಸತ್ತು ಆರು ತಿಂಗಳೂ ಆಗಿರಲಿಲ್ಲ. ಹೊದಿಕೆ ಪೂರ್ತಿ ಕಪ್ಪು, ಸೂತಕದ ಬಣ್ಣ. ಮೊದಲಿಗೇ ಆ ಗಂಟೆ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್ಮುಗಳಲ್ಲಿ ಅದೂ ಒಂದು.

"ಇದೇನು ದೊಡ್ಡದು" ಅಂದಳು ಅವ್ವ. "ನಮ್ಮ ಗದುಗಿನ ಅಜ್ಜಾರು ಮಾಡ್ಲಿಲ್ಲೇನು?"

ಒಂದು ಗಳಿಗೆ ನಾನು ಸುಮ್ಮನಾದೆ. ಹೌದಲ್ಲ! ಮನೆ ಗೋಡೆಯ ಮೇಲೆ ಪಟ ಇಟ್ಟುಕೊಂಡೂ ನನಗೆ ಹೊಳೆದಿರಲಿಲ್ಲ.

ಗೆಳೆಯರೆ, ಈ ಕಥೆ ನಮ್ಮ ಸೀಮೆಯದೇ. ಆಗ ಧಾರವಾಡ ಜಿಲ್ಲೆ, 1997ರಿಂದ ಹಾವೇರಿ ಜಿಲ್ಲೆ. 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ ಅಂತ ಒಬ್ಬ ಕುರುಡು ಹುಡುಗ ಹುಟ್ಟಿದ. ಅಣ್ಣನಿಗೂ ಕಣ್ಣಿರಲಿಲ್ಲ. ಬಡ ಮನೆ. ಹಾನಗಲ್ಲ ಕುಮಾರಸ್ವಾಮಿಗಳು (ಅವರು ನಮ್ಮ ರಾಣೇಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯವರು) ಆ ಹುಡುಗನ ದನಿ ಕೇಳಿ ಕರೆದುಕೊಂಡು ಹೋದರು. ಮೊದಲು ಕರ್ನಾಟಕಿ ಸಂಗೀತ, ಆಮೇಲೆ ಶಿವಯೋಗಮಂದಿರದಲ್ಲಿ ನೀಲಕಂಠಬುವಾ ಅವರ ಹತ್ತಿರ ಹಿಂದೂಸ್ತಾನಿ. ಎರಡನ್ನೂ ಅರಗಿಸಿಕೊಂಡು ಗದಿಗೆಯ್ಯ ಪಂಚಾಕ್ಷರಿ ಗವಾಯಿಗಳಾದರು.

ಅವರು ಬರೀ ಕಛೇರಿ ಮಾಡಿಕೊಂಡು ಇದ್ದಿದ್ದರೆ ಹೆಸರು, ದುಡ್ಡು ಎರಡೂ ಬರುತ್ತಿತ್ತೇನೋ. ಅವರು ಕುರುಡ, ಬಡ ಮಕ್ಕಳನ್ನು ಜೊತೆಗೆ ಕಟ್ಟಿಕೊಂಡು ಊರೂರು ತಿರುಗಿದರು. ಎಲ್ಲಿ ನಿಂತರೋ ಅಲ್ಲೇ ಪಾಠಶಾಲೆ. ಅಲ್ಲಿ ಹಾಡಿದ್ದರಿಂದಲೇ ಮಕ್ಕಳ ಊಟ ನಡೆಯಬೇಕು. 1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದಾಗ ದೊಡ್ಡ ಆಸರೆ ತಪ್ಪಿತು. ಆದರೂ ಮೇಳ ಚದುರಲಿಲ್ಲ. ಕೊನೆಗೆ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟು, ವೀರೇಶ್ವರ ಪುಣ್ಯಾಶ್ರಮ ಅಲ್ಲಿ ನೆಲೆ ನಿಂತಿತು.

1944ರ ಜೂನ್ ತಿಂಗಳಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡರು. 52 ವರ್ಷ. ಮಹಾಯುದ್ಧದ ಕಾಲ, ಕಾಳು ಕಡ್ಡಿ ತುಟ್ಟಿ. ಆಶ್ರಮದ ತುಂಬ ಕಣ್ಣಿಲ್ಲದ ಮಕ್ಕಳು. ಅವರ ಅನ್ನ ಯಾವ ದನಿಯಿಂದ ಬರುತ್ತಿತ್ತೋ ಆ ದನಿಯೇ ನಿಂತುಹೋಯಿತು. ಎಸಿ/ಡಿಸಿಯವರು ತಂಡ ಮುಚ್ಚಿದ್ದರೆ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದರು. ಈ ಮಕ್ಕಳು ಎಲ್ಲಿಗೆ ಹೋಗಬೇಕಿತ್ತು ಹೇಳಿ?

ಹೊಣೆ ಬಿದ್ದದ್ದು ಪುಟ್ಟರಾಜ ಗವಾಯಿಗಳ ಮೇಲೆ. ಅವರೂ ಹಾನಗಲ್ಲ ತಾಲೂಕಿನವರು, 1914ರಲ್ಲಿ ಹುಟ್ಟಿದವರು, ಕೂಸಿದ್ದಾಗಲೇ ಕಣ್ಣು ಕಳೆದುಕೊಂಡವರು. ಆಗ ಅವರಿಗೆ 30 ವರ್ಷ. ಚಿಕ್ಕಂದಿನಿಂದ ಗುರುವಿನ ಜೊತೆಗೇ ಬೆಳೆದವರು. ಆದರೆ ಅವರು ಗುರುವಿನ ನೆರಳಾಗಿ ಕೂಡಲಿಲ್ಲ. ಹಾಡುಗಾರಿಕೆಯ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಅಂತ ಕೈಗೆ ಸಿಕ್ಕ ವಾದ್ಯವನ್ನೆಲ್ಲ ನುಡಿಸಿದರು, ಕಲಿಸಿದರು. ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಬರೆದರು. ಆಶ್ರಮದ ನಾಟಕ ಕಂಪನಿಗೆ ನಾಟಕ ಬರೆದುಕೊಟ್ಟರು. ಕಂಪನಿ ಊರೂರಿಗೆ ಹೋಗಿ ಗಳಿಸಿದ್ದು ಮಕ್ಕಳ ಹೊಟ್ಟೆಗೆ. ಆಮೇಲಿನ ತುಲಾಭಾರಗಳು ನಮ್ಮ ಕಡೆಯವರಿಗೆ ಗೊತ್ತೇ ಇವೆ. ತಕ್ಕಡಿಯ ಒಂದು ಕಡೆ ಅಜ್ಜಾರು, ಇನ್ನೊಂದು ಕಡೆ ನಾಣ್ಯ. ನಾನೂ ಸಣ್ಣವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಒಂದು ನೋಡಿದ್ದೆ. ಆ ದುಡ್ಡೂ ಆಶ್ರಮಕ್ಕೇ.

ಹಾಗಾದರೆ ಇವರ 'ಬ್ಯಾಕ್ ಇನ್ ಬ್ಲ್ಯಾಕ್' ಯಾವುದು? ನನಗನ್ನಿಸೋದು, ಅದು ಶಿಷ್ಯರು. ಪಂಚಾಕ್ಷರಿ ಗವಾಯಿಗಳ ಹತ್ತಿರ ಕಲಿತ ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮುಂತಾದವರು ದೊಡ್ಡ ಗಾಯಕರಾದರು. ಪುಟ್ಟರಾಜರ ಕೈಯಲ್ಲಿ ಎಷ್ಟೋ ಮಂದಿ ತಯಾರಾದರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಬಡ ಹುಡುಗ ವೆಂಕಟೇಶಕುಮಾರ್ ಆಶ್ರಮದಲ್ಲಿದ್ದು ಕಲಿತವರೇ. ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. ಪಂಚಾಕ್ಷರಿ ಗವಾಯಿಗಳ ಮೇಲೆ 1995ರಲ್ಲಿ ಸಿನೆಮಾ ಬಂದಾಗ ಹಂಸಲೇಖ ಅವರ ಸಂಗೀತಕ್ಕೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹಾಡಿಗೆ ಎರಡಕ್ಕೂ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಪುಟ್ಟರಾಜರು 2010ರಲ್ಲಿ ಪದ್ಮಭೂಷಣ ಪಡೆದು, ಅದೇ ವರ್ಷ ಸೆಪ್ಟೆಂಬರ್ 17ರಂದು ಹೋದರು. ಆಗ ಕಲ್ಲಯ್ಯಜ್ಜನವರು ಹೊಣೆ ಹೊತ್ತರು. ಆಶ್ರಮದಲ್ಲಿ ಪಾಠ ನಿಲ್ಲಲಿಲ್ಲ.

ರಾತ್ರಿ ಮಲಗಿದಾಗಲೂ ಇದೇ ತಲೆಯಲ್ಲಿ. ಹೊರಗಿನವನೊಬ್ಬ ಬಂದು ಆರು ತಿಂಗಳೊಳಗೆ ಹಾಡಿದ್ದು ಹೇಗೆ? ಹಾಡು ಕಟ್ಟುವವರು, ನುಡಿಸುವವರು ತಂಡದಲ್ಲಿ ಮೊದಲಿಂದಲೂ ಇದ್ದರು. ಗದುಗಿನಲ್ಲಿ ಆದದ್ದು ಹೇಗೆ? ಗುರುಗಳು ಇದ್ದಾಗಲೇ ಮಕ್ಕಳನ್ನು ಮುಂದೆ ಕೂರಿಸಿ ಹಾಡಿಸಿದ್ದರು. ನಮ್ಮ ಕಾಕಾ? ಒಂದು ದಿನವೂ ಇನ್ನೊಬ್ಬರ ಕೈಗೆ ಪೇಟಿ ಕೊಡಲಿಲ್ಲ. ಹೋದವರ ಮೇಲೆ ತಪ್ಪು ಹೊರಿಸಿದ ಹಾಗಾಯಿತು, ಇರಲಿ. ತಪ್ಪು ನಮ್ಮದೂ ಇದೆ. ಮೂವತ್ತು ವರ್ಷ ಹಿಂದೆ ಕೂತು ಹಾಡಿದ ನಮ್ಮಲ್ಲಿ ಒಬ್ಬರೂ "ಕಾಕಾ, ನನಗ ಕಲಸ್ರಿ" ಅಂತ ಕೇಳಿರಲಿಲ್ಲ.

ಮರುದಿನ ಅಳಿಯನೇ ಏಣಿ ಹಚ್ಚಿ ಪೇಟಿ ಇಳಿಸಿದ. ಎರಡು ಮನೆ ಒತ್ತಿದರೆ ದನಿಯೇ ಇಲ್ಲ, ಬಾತಿಗೆಯೊಳಗೆ ಇಲಿ ಬೇರೆ ಕಡಿದಿದೆ :) ಹಾವೇರಿಗೆ ಒಯ್ದು ರಿಪೇರಿ ಮಾಡಿಸಿಕೊಂಡು ಬಂದೆವು. ಸೋಮವಾರ ಸಂಜೆ ಗುಡಿಯಲ್ಲಿ ಏಳು ಮಂದಿ ಸೇರಿದೆವು. ಕಾಕಾ ಕೂರುತ್ತಿದ್ದ ಕಂಬದ ಹತ್ತಿರ ಕೂರೋಕೆ ಯಾರಿಗೂ ಮನಸ್ಸಾಗಲಿಲ್ಲ. ಕೊನೆಗೆ ಹತ್ತನೇ ಇಯತ್ತೆ ಓದುವ ಒಬ್ಬ ಹುಡುಗ ಹೋಗಿ ಅಲ್ಲೇ ಕೂತ. ದನಿ ಒಡೆಯೋ ವಯಸ್ಸು ಅವನದು, ಎರಡನೇ ಹಾಡಿಗೇ ಕೀರಲಾಯಿತು. ಯಾರೂ ನಗಲಿಲ್ಲ, ಹಿಂದಿನಿಂದ ನಾವು ಎತ್ತಿಕೊಂಡೆವು. ಚೆನ್ನಾಗಿರಲಿಲ್ಲ ಅಂತ ನಿಜವಾಗಿ ಹೇಳ್ತೀನಿ. ಮುಂದಿನ ಸೋಮವಾರ ಮತ್ತೆ ಸೇರ್ತೀವಿ.

ನಿಮ್ಮೂರಲ್ಲೂ ಅಟ್ಟದ ಮೇಲೆ ಇಂಥ ಪೇಟಿ ಇದ್ದರೆ ಒಮ್ಮೆ ಇಳಿಸಿ ನೋಡಿ. ಅದಕ್ಕಿಂತ ಮೊದಲು, ಹಾಡುವವರು ಇನ್ನೂ ಇದ್ದರೆ, ಇವತ್ತೇ ಹೋಗಿ ಅವರ ಹತ್ತಿರ ಕೂತುಕೊಳ್ಳಿ.