ಉಂಡಿ

ಪುಸ್ತಕದಲ್ಲಿ ಉಂಡೆ, ಬಳ್ಳಾರಿ ಸೀಮೆಯ ಬಾಯಲ್ಲಿ ಉಂಡಿ. ಮನೆ ಮನಿಯಾದ ಹಾಗೆ, ಅಷ್ಟೆ. ‘ಉಣ್ಣು’ ಧಾತುವಿನಿಂದ ಬಂದದ್ದೆಂದು ಚಿಕ್ಕಂದಿನಲ್ಲಿ ನಂಬಿದ್ದೆ. ಹಾಗಲ್ಲ, ಇದು ದುಂಡಗಿನದಕ್ಕೆ ಇರುವ ದ್ರಾವಿಡ ಪದ. ತಮಿಳಿನಲ್ಲಿ ಉರುಂಡೈ, ತೆಲುಗಿನಲ್ಲಿ ಉಂಡ. ನಮ್ಮ ‘ಉರುಳು’ ಇದರ ನಂಟ. ಅದಕ್ಕೇ ನೂಲಿಗೂ ಉಂಡೆ, ಮಣ್ಣಿಗೂ ಉಂಡೆ. ಲಡ್ಡು ಮಾತ್ರ ಸಂಸ್ಕೃತದ ಲಡ್ಡುಕದಿಂದ ಬಂದ ಅತಿಥಿ.

ಸಿರುಗುಪ್ಪ, ಕುರುಗೋಡಿನ ಕಡೆ ಉಂಡಿ ಎಂದರೆ ಮೊದಲು ನೆನಪಾಗುವುದು ಶ್ರಾವಣದ ನಾಗರ ಪಂಚಮಿ. ಅವತ್ತು ನಮ್ಮ ಮನೆಯಲ್ಲಿ ಒಲೆಯ ಮೇಲೆ ಹಂಚು ಇಡುವಂತಿರಲಿಲ್ಲ. ಹಾಗಾಗಿ ಅವ್ವ ಎರಡು ದಿನ ಮೊದಲೇ ಶೇಂಗಾ ಹುರಿದು, ಎಳ್ಳು ಹುರಿದು, ಬೆಲ್ಲದ ಆಣ ಕಾಯಿಸಲು ಕೂಡುತ್ತಿದ್ದಳು. ಆಣದ ಹನಿಯನ್ನು ತಟ್ಟೆಯ ನೀರಿಗೆ ಬಿಟ್ಟು, ಬೆರಳಲ್ಲಿ ಒತ್ತಿ ನೋಡುವುದು ಅವಳ ಪರೀಕ್ಷೆ. ಬಿಸಿ ಆರುವ ಮುಂಚೆ ಕಟ್ಟಬೇಕು. ಅಂಗೈ ಕೆಂಪಗಾದರೂ ಕೈ ನಿಲ್ಲಿಸುತ್ತಿರಲಿಲ್ಲ. ಬುಟ್ಟಿಯ ತಳಕ್ಕಂಟಿದ ಚೂರನ್ನೆಲ್ಲ ಕೆರೆದು ಗೋಲಿಯಷ್ಟು ಕಟ್ಟಿ, ‘ಇದು ಸಣ್ಣಾಕಿ ಪಾಲು’ ಎಂದು ತಂಗಿಯ ಕೈಗಿಡುತ್ತಿದ್ದಳು. ನನಗಿನ್ನೂ ಅದರ ಹೊಟ್ಟೆಕಿಚ್ಚಿದೆ. ಹಬ್ಬದಂದು ಹುತ್ತಕ್ಕೆ ಹಾಲೆರೆಯುವಾಗಲೂ ‘ಅಜ್ಜನ ಪಾಲು, ಅಪ್ಪನ ಪಾಲು’ ಎಂದೇ ಎಣಿಸುತ್ತಿದ್ದಳು.

ಇದೇ ಪದ ‘ಉಂಡೆನಾಮ’ದಲ್ಲಿ ಮೋಸದ ಅರ್ಥಕ್ಕೆ ತಿರುಗಿದೆ. ನಮ್ಮ ಪಂಚಮಿಯಲ್ಲಿ ಅಂಥದ್ದು ಒಂದೇ: ಡಬ್ಬಿಯಲ್ಲಿ ಮೇಲೆ ಶೇಂಗಾ ಉಂಡಿ, ಕೆಳಗೆಲ್ಲ ತಂಬಿಟ್ಟು.