ಪೊರಿಗೆರೆಯ ಆಚಾರವ್ಯವಸ್ಥೆ ಮತ್ತು ಹಳೆಯ ಊರುಗಳ ನಾಳೆ

ಗದಗ ಜಿಲ್ಲೆಯ ಶಿರಹಟ್ಟಿ ಸೀಮೆಯು ಶಾಸನ, ಸಾಹಿತ್ಯ ಹಾಗೂ ಮೌಖಿಕ ಪರಂಪರೆಗಳು ಒಂದರೊಡನೊಂದು ಬೆರೆತಿರುವ ಪ್ರದೇಶ. ಇಲ್ಲಿನ ಹಳೆಯ ಊರುಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ದೇವಾಲಯ, ಬಸದಿ, ಮಸೀದಿ, ಕೋಟೆಗಳನ್ನು ಕೇಂದ್ರವಾಗಿರಿಸಿಕೊಂಡಿವೆ. ಆ ಸ್ಮಾರಕಗಳ ನೆರಳಿನಲ್ಲಿ ತಲೆಮಾರುಗಳಿಂದ ಬಾಳಿಬಂದ ಓಣಿಗಳು ಮಾತ್ರ ಅಧ್ಯಯನದ ಅಂಚಿನಲ್ಲಿಯೇ ಉಳಿದಿವೆ. ಇಂತಹ ಊರೊಂದರ ಮುಂದಿನ ರೂಪವನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಯನ್ನು ಆಧುನಿಕ ನಗರ ಯೋಜನೆಯ ಪ್ರಶ್ನೆಯೆಂದೇ ಭಾವಿಸಲಾಗುತ್ತದೆ. ಆದರೆ ಊರಿನ ವ್ಯವಸ್ಥೆಯಲ್ಲಿ ನಿವಾಸಿಗಳ ಸ್ಥಾನವೇನು ಎಂಬುದನ್ನು ಇದೇ ಸೀಮೆಯ ಶಾಸನವೊಂದು ಹದಿಮೂರು ಶತಮಾನಗಳ ಹಿಂದೆಯೇ ಕಲ್ಲಿನಲ್ಲಿ ದಾಖಲಿಸಿದೆ.

ಬಹುಕಾಲ ಶಿರಹಟ್ಟಿ ತಾಲೂಕಿಗೆ ಸೇರಿದ್ದು, ಈಗ ಸ್ವತಃ ತಾಲೂಕು ಕೇಂದ್ರವಾಗಿರುವ ಲಕ್ಷ್ಮೇಶ್ವರವೇ ಪ್ರಾಚೀನ ಪೊರಿಗೆರೆ ಅಥವಾ ಪುಲಿಗೆರೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಕ್ರಿ.ಶ. 725ರ ಸುಮಾರಿಗೆ ಈ ಊರಿನ ಮಹಾಜನರು, ನಗರದವರು ಹಾಗೂ ಹದಿನೆಂಟು ಪ್ರಕೃತಿಗಳಿಗೆ ನೀಡಿದ ‘ಆಚಾರವ್ಯವಸ್ಥೆ’ಯು ಇಲ್ಲಿನ ಕಂಬವೊಂದರ ಮೇಲಿದೆ. ವಿದ್ವಾಂಸ ಎಲ್.ಡಿ. ಬಾರ್ನೆಟ್ ಅವರು ಇದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 14ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು. ಅರಸನ ಅಧಿಕಾರಿಗಳು ಕಾಪಾಡಬೇಕಾದ ಸಂಗತಿಗಳಲ್ಲಿ ಒಕ್ಕಲಿಲ್ಲದ ಮನೆಗಳು, ರಾಜದತ್ತಿ, ಸಜ್ಜನರ ಸಾಕ್ಷ್ಯ, ಊರಿನ ಮರ್ಯಾದೆ, ಅನುಭವಿಸಿಕೊಂಡು ಬಂದ ಆಸ್ತಿಯ ಭೋಗ ಮೊದಲಾದವು ಸೇರಿವೆ. ಪ್ರತಿಯೊಂದು ಮನೆಯೂ ವೈಶಾಖ ಮಾಸದಲ್ಲಿ ವರ್ಷಕ್ಕೊಮ್ಮೆ ತೆರ ಸಲ್ಲಿಸಬೇಕು. ಉತ್ತಮ ಮನೆಗೆ 10 ಪಣ, ಮಧ್ಯಮಕ್ಕೆ 7, ಅದಕ್ಕಿಂತ ಕೆಳಗಿನದಕ್ಕೆ 5, ತೀರ ಕನಿಷ್ಠಕ್ಕೆ 3 ಪಣ ಎಂಬುದು ಅಲ್ಲಿನ ಕ್ರಮ. ಕೆಲವು ದಂಡಗಳು ಹಾಗೂ ಮಕ್ಕಳಿಲ್ಲದವರ ಸೊತ್ತು ಶ್ರೇಣಿಗೆ ಸಲ್ಲಬೇಕೆಂಬ ವಿಧಿಯೂ ಇದೆ.

ಈ ಶಾಸನದ ಮಹತ್ವವು ತೆರಿಗೆಯ ವಿವರದಲ್ಲಷ್ಟೇ ಇಲ್ಲ. ಇದು ಪ್ರಭುತ್ವ ಮತ್ತು ಊರಿನ ನಡುವಿನ ಪರಸ್ಪರ ಕಟ್ಟುಪಾಡು. ನಿವಾಸಿಗಳು ಇಲ್ಲಿ ಆಜ್ಞೆಯನ್ನು ಸ್ವೀಕರಿಸುವ ಪ್ರಜೆಗಳಾಗಿ ಮಾತ್ರವಲ್ಲದೆ, ವ್ಯವಸ್ಥೆಯ ಹೆಸರಿಸಲ್ಪಟ್ಟ ಪಕ್ಷವಾಗಿಯೂ ಕಾಣಿಸಿಕೊಳ್ಳುತ್ತಾರೆ. ಬರಿದಾದ ಮನೆಯೂ ಊರಿನ ಹೊಣೆಯೆಂಬ ಭಾವನೆ ಇಲ್ಲಿ ಗಮನಾರ್ಹ. ಹಾಗೆಂದು ಇದನ್ನು ಇಂದಿನ ಪ್ರಜಾಸತ್ತೆಯ ಪೂರ್ವರೂಪವೆಂದು ಕೊಂಡಾಡುವುದು ಸಲ್ಲದು. ಶ್ರೇಣೀಕೃತ ಸಮಾಜದಲ್ಲಿ ಎಲ್ಲರ ದನಿಗೂ ಒಂದೇ ತೂಕವಿರಲಿಲ್ಲ. ಸ್ತ್ರೀಯರ ದನಿಗೆ ಇಲ್ಲಿ ಎಡೆಯೇ ಕಾಣುವುದಿಲ್ಲ. ಆದರೂ ಊರನ್ನು ಆಳುವ ಕ್ರಮವನ್ನು ಊರಿನವರನ್ನು ಹೊರತುಪಡಿಸಿ ರೂಪಿಸಲಾಗದೆಂಬ ಅರಿವು ಈ ಮಣ್ಣಿಗೆ ಹೊಸದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಂತರದ ಶತಮಾನಗಳಲ್ಲಿ ಆಳುವ ಕೇಂದ್ರವು ಊರಿನಿಂದ ದೂರ ಸರಿಯಿತು. 1948ರಲ್ಲಿ ಸಂಸ್ಥಾನಗಳು ವಿಲೀನಗೊಳ್ಳುವವರೆಗೆ ಶಿರಹಟ್ಟಿಯು ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಮುಂದೆ ಮುಂಬಯಿ ಪ್ರಾಂತ, 1956ರಲ್ಲಿ ಮೈಸೂರು ರಾಜ್ಯ, ಧಾರವಾಡ ಜಿಲ್ಲೆ, 1997ರಿಂದ ಗದಗ ಜಿಲ್ಲೆ ಎಂದು ಆಡಳಿತದ ನೆಲೆಗಳು ಬದಲಾಗುತ್ತ ಬಂದವು. ಇಷ್ಟೆಲ್ಲ ಬದಲಾವಣೆಗಳ ನಡುವೆ ಊರಿನ ರಚನೆಯನ್ನು ಅವಿಚ್ಛಿನ್ನವಾಗಿ ಕಾಪಾಡಿಕೊಂಡು ಬಂದದ್ದು ಜನರ ನೆನಪು. ಅಗಸಿ, ಕಟ್ಟೆ, ಭಾವಿ, ತೇರು ಸಾಗುವ ಬೀದಿ, ಮೊಹರಮ್ಮಿನ ಅಲಾಯಿ ಕುಣಿ ಇವು ಊರಿನ ಬರೆಯದ ನಕ್ಷೆಯ ಗುರುತುಗಳು. ಶಿರಹಟ್ಟಿಯ ಫಕೀರೇಶ್ವರ ಮಠದ ಪರಂಪರೆಯನ್ನು ವಿಜಾಪುರದ ಸೂಫಿ ಸಂತ ಅಮೀನುದ್ದೀನರೊಡನೆ ಬೆಸೆಯುವ ಐತಿಹ್ಯವು ಹಿಂದೂ-ಮುಸ್ಲಿಂ ಬಾಂಧವ್ಯದ ಸ್ಮೃತಿಯನ್ನು ಇಂದಿಗೂ ಹಸಿರಾಗಿಸಿದೆ. ಬೀದಿಯ ಅಗಲವನ್ನು ವಾಹನಗಳ ಲೆಕ್ಕದಿಂದ ಮಾತ್ರ ಅಳೆಯುವ ನಕ್ಷೆಯಲ್ಲಿ ಇಂತಹ ಸ್ಮೃತಿಗಳಿಗೆ ಸ್ಥಳವಿರುವುದಿಲ್ಲ.

ಇಂದಿನ ಕಾನೂನಿನ ಚೌಕಟ್ಟಿನಲ್ಲಿ ನಿವಾಸಿಯ ಸ್ಥಾನವನ್ನು ಪರಿಶೀಲಿಸಿದರೆ ವಿಚಿತ್ರವಾದೊಂದು ಅಂತರ ಗೋಚರಿಸುತ್ತದೆ. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಹಳ್ಳಿಗೆ ಗ್ರಾಮಸಭೆಯುಂಟು. ಸಂವಿಧಾನದ 74ನೆಯ ತಿದ್ದುಪಡಿಯು ನಗರಗಳಿಗೆ ವಾರ್ಡು ಸಮಿತಿಗಳನ್ನು ವಿಧಿಸಿದರೂ, ಅದನ್ನು ಕಡ್ಡಾಯಗೊಳಿಸಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ಊರುಗಳಿಗೆ ಮಾತ್ರ. ಶಿರಹಟ್ಟಿ, ಲಕ್ಷ್ಮೇಶ್ವರಗಳಂತಹ ಸಣ್ಣ ಪಟ್ಟಣಗಳು ಈ ಎರಡರ ನಡುವೆ ಉಳಿದುಬಿಟ್ಟಿವೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವು ಮಹಾಯೋಜನೆಯ ಕರಡಿಗೆ ಅಭಿಪ್ರಾಯ ಸಲ್ಲಿಸಲು ಅವಕಾಶ ನೀಡುತ್ತದೆ. ಆದರೆ ಅದು ನಕ್ಷೆ ಸಿದ್ಧವಾದ ಮೇಲಿನ ಅವಕಾಶ. ಪೊರಿಗೆರೆಯಲ್ಲಿ ಪಕ್ಷವಾಗಿದ್ದ ನಿವಾಸಿಯು ಇಲ್ಲಿ ಆಕ್ಷೇಪಣದಾರನಾಗಿದ್ದಾನೆ.

ಇದರ ಪರಿಣಾಮವನ್ನು ಹಂಪಿಯಲ್ಲಿ ಕಾಣಬಹುದು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ನೆಲೆಗೆ 2002ರ ಅಧಿನಿಯಮದ ಮೂಲಕ ಪ್ರತ್ಯೇಕ ಪ್ರಾಧಿಕಾರ ಬಂದಿತು. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ಬಜಾರದ ಸಾಲುಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ಅಲ್ಪ ಮುನ್ಸೂಚನೆಯೊಂದಿಗೆ ತೆರವುಗೊಳಿಸಲಾಯಿತು. ಸ್ಮಾರಕವನ್ನು ಒತ್ತುವರಿಯಿಂದ ರಕ್ಷಿಸುವ ಉದ್ದೇಶ ಸಾಧುವೇ. ಆದರೆ ದೇವರ ಉತ್ಸವಗಳಿಗೂ ಯಾತ್ರಿಕರಿಗೂ ಹೆಗಲಾಗಿದ್ದ ಬಜಾರದ ಬದುಕನ್ನು ಪರಂಪರೆಯ ಭಾಗವೆಂದು ಎಣಿಸದೆ ಹೋದದ್ದು ಆ ಕ್ರಮದ ಕೊರತೆ. ನದಿಯಾಚೆಯ ಆನೆಗೊಂದಿಯಲ್ಲಿ 1997ರಲ್ಲಿ ಸ್ಥಾಪಿತವಾದ ಕಿಷ್ಕಿಂದ ಟ್ರಸ್ಟ್ ಸ್ಥಳೀಯರ ಕಸುಬು ಹಾಗೂ ಹಳೆಯ ಮನೆಗಳ ಉಳಿವನ್ನು ಒಟ್ಟಿಗೆ ಕಂಡಿತು.

ಗದಗ ಜಿಲ್ಲೆಯಲ್ಲಿಯೇ ಲಕ್ಕುಂಡಿಯು ಇನ್ನೊಂದು ದಾರಿಯನ್ನು ತೋರಿಸುತ್ತದೆ. 2024ರ ನವೆಂಬರಿನಲ್ಲಿ ನಡೆದ ಅನ್ವೇಷಣೆಯಲ್ಲಿ ಊರೊಳಗಿನ ಮನೆ, ಹಿತ್ತಿಲು, ಬೀದಿಗಳಿಂದ ಸಾವಿರಕ್ಕೂ ಹೆಚ್ಚು ಪ್ರಾಚ್ಯಾವಶೇಷಗಳು ದೊರೆತವು. ಊರಿನವರ ನೆರವಿಲ್ಲದೆ ಇದು ಸಾಧ್ಯವಾಗುತ್ತಿರಲಿಲ್ಲ. ಅದೇ ಊರಿನಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯವೆಂಬ 2010ರ ಕಾನೂನು ಮನೆ ಕಟ್ಟುವವರ ಬದುಕನ್ನು ನೇರವಾಗಿ ತಟ್ಟುತ್ತದೆ. ಶಿಲ್ಪವನ್ನು ಒಪ್ಪಿಸಲು ಬೇಕಾದ ಜನರು ನಿಯಮವನ್ನು ರೂಪಿಸುವಾಗಲೂ ಬೇಕಾಗುತ್ತಾರೆ.

ಆದ್ದರಿಂದ ಹಳೆಯ ಊರಿನ ಯೋಜನೆಯು ಅಳತೆಪಟ್ಟಿಗಿಂತ ಮೊದಲು ಓಣಿಯ ಮಾತಿನಿಂದ ಆರಂಭವಾಗಬೇಕಾಗಿದೆ. ಓಣಿವಾರು ಸಭೆ, ಹಿರಿಯರಿಂದ ಸ್ಥಳನಾಮ ಮತ್ತು ಆಚರಣೆಯ ಮಾರ್ಗಗಳ ಸಂಗ್ರಹ, ಹೆಣ್ಣುಮಕ್ಕಳಿಗೂ ಬಾಡಿಗೆಯವರಿಗೂ ಪ್ರತ್ಯೇಕ ಅವಕಾಶ, ದುಡಿಮೆಗಾಗಿ ಗೋವೆ, ಮಂಗಳೂರುಗಳಿಗೆ ಗುಳೆ ಹೋದವರ ಮುಚ್ಚಿದ ಮನೆಗಳ ದಾಖಲೀಕರಣ ಇವು ಅದರ ಮೊದಲ ಹೆಜ್ಜೆಗಳು. ದುರಸ್ತಿಯ ವೆಚ್ಚವನ್ನು ಹಂಚುವಾಗ ಮನೆಯ ಶಕ್ತಿಯನ್ನು ನೋಡಬೇಕೆಂಬುದಕ್ಕೆ 10, 7, 5, 3 ಪಣಗಳ ಕ್ರಮವೇ ಮಾದರಿ. ಜಾನಪದ ಅಧ್ಯಯನವು ಇಲ್ಲಿ ಸಂಗ್ರಹಕ್ಕೆ ಸೀಮಿತವಾಗದೆ, ಊರಿನ ಸ್ಮೃತಿಯನ್ನು ಯೋಜನೆಯ ಆಧಾರವಾಗಿಸುವ ಹೊಣೆಯನ್ನು ಹೊರಬೇಕಾಗಿದೆ. ಒಕ್ಕಲಿಲ್ಲದ ಮನೆಯನ್ನು ಕಾಯುವುದು ಪ್ರಭುತ್ವದ ಕರ್ತವ್ಯವೆಂದು ಪೊರಿಗೆರೆಯ ಕಲ್ಲು ಹೇಳುತ್ತದೆ. ಒಕ್ಕಲಿರುವ ಮನೆಯ ಮಾತನ್ನು ಕೇಳುವುದು ಅದಕ್ಕಿಂತ ಮೊದಲಿನ ಕರ್ತವ್ಯ.