ಹುಳುಕು ಹುಡುಕಿದವರ ಕಥೆ



ನಮ್ಮ ಕೇಳುಗರ ಮನೆಗಳಲ್ಲಿ ಸಾಫ್ಟ್‌ವೇರ್ ಕೆಲಸದವರಿಗೇನೂ ಕೊರತೆಯಿಲ್ಲ. "ಸರ್ವರ್‌ನಲ್ಲಿ ಬಗ್ ಬಂದಿದೆ, ಊಟಕ್ಕೆ ಕಾಯಬೇಡಿ" ಎಂಬ ಫೋನ್ ಮಾತು ಮುಂಬಯಿ, ಪುಣೆ, ಹೈದರಾಬಾದಿನ ಎಷ್ಟೋ ಕನ್ನಡ ಮನೆಗಳಿಗೆ ಹೊಸದಲ್ಲ. ಬಗ್ ಎಂದರೆ ತಪ್ಪು, ಅಷ್ಟು ಎಲ್ಲರಿಗೂ ಗೊತ್ತು. ಆದರೆ ಓಡುತ್ತಿರುವ ಯಂತ್ರದ ಹೊಟ್ಟೆಯೊಳಗೆ ಅಡಗಿ ಕೂತ ತಪ್ಪನ್ನು ಹುಡುಕುವುದಾದರೂ ಹೇಗೆ? ಈ ಪ್ರಶ್ನೆಗೆ ಮುಕ್ಕಾಲು ಶತಮಾನದ ಇತಿಹಾಸವಿದೆ.

ಬಗ್ ಎಂದರೆ ಇಂಗ್ಲಿಷಿನಲ್ಲಿ ಹುಳು. ನಮ್ಮ ಕನ್ನಡವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಹುಳು ತಿಂದ ಹಲ್ಲು ಹುಳುಕು ಹಲ್ಲು. ಯಾರದಾದರೂ ದೋಷ ಎತ್ತಿ ಆಡಿದರೆ ಅದು ಹುಳುಕು ಹುಡುಕುವುದು. ಯಂತ್ರದ ದೋಷಕ್ಕೆ ಬಗ್ ಎನ್ನುವ ರೂಢಿಯೂ ಹಳೆಯದೇ. ಥಾಮಸ್ ಎಡಿಸನ್ 1878ರಲ್ಲೇ ತನ್ನ ಪತ್ರಗಳಲ್ಲಿ ಈ ಮಾತನ್ನು ಬಳಸಿದ್ದ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್‌ನಲ್ಲಿ ಮಾರ್ಕ್ 2 ಎಂಬ ಗಣಕಯಂತ್ರದ ರಿಲೇಯೊಂದರಲ್ಲಿ ನಿಜವಾದ ಪತಂಗವೇ ಸಿಕ್ಕಿಕೊಂಡಿತ್ತು. ಅಲ್ಲಿನವರು ಅದನ್ನು ಹೊರತೆಗೆದು ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿದರು. ನಿಜವಾದ ಬಗ್ ಸಿಕ್ಕ ಮೊದಲ ಪ್ರಕರಣವಿದು ಎಂದು ಪಕ್ಕದಲ್ಲಿ ತಮಾಷೆಯಾಗಿ ಬರೆದರು. ಮಾತು ಮೊದಲೇ ಬಳಕೆಯಲ್ಲಿತ್ತು, ತಮಾಷೆ ಹುಟ್ಟಿದ್ದೇ ಅದರಿಂದ. ಮುಂದೆ ಗ್ರೇಸ್ ಹಾಪರ್ ಎಂಬ ಗಣಕ ವಿಜ್ಞಾನಿ ಈ ಕಥೆಯನ್ನು ಹೋದಲ್ಲೆಲ್ಲ ಹೇಳಿ ಪ್ರಸಿದ್ಧಗೊಳಿಸಿದರು. ಆ ಪುಸ್ತಕ, ಅದರೊಳಗಿನ ಪತಂಗದ ಸಮೇತ, ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಪತಂಗವಾದರೆ ಚಿಮುಟದಿಂದ ಎತ್ತಿ ಹಾಕಬಹುದು. ಬರೆದ ಪ್ರೋಗ್ರಾಮಿನಲ್ಲೇ ತಪ್ಪಿದ್ದರೆ? 1949ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡ್‌ಸ್ಯಾಕ್ ಎಂಬ ಯಂತ್ರ ಕೆಲಸ ಶುರುಮಾಡಿತು. ಕೆಲವೇ ವಾರಗಳಲ್ಲಿ ಅದರ ನಿರ್ಮಾತೃ ಮಾರಿಸ್ ವಿಲ್ಕ್ಸ್ ಅವರಿಗೆ ಒಂದು ಸತ್ಯ ಹೊಳೆಯಿತು: ತನ್ನ ಉಳಿದ ಆಯುಷ್ಯದ ದೊಡ್ಡ ಪಾಲು ತನ್ನದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲೇ ಕಳೆಯಲಿದೆ. ಯಂತ್ರದ ಕೋಣೆಗೂ ಟೇಪಿಗೆ ರಂಧ್ರ ಹೊಡೆಯುವ ಕೋಣೆಗೂ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಗ ಹಾಗನ್ನಿಸಿತೆಂದು ಅವರು ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಅದೇ ಪ್ರಯೋಗಾಲಯದ ಸ್ಟ್ಯಾನ್ಲಿ ಗಿಲ್ 1951ರಲ್ಲಿ ಎಡ್‌ಸ್ಯಾಕ್ ಪ್ರೋಗ್ರಾಮುಗಳ ತಪ್ಪು ಪತ್ತೆಹಚ್ಚುವ ಬಗೆಯ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ಅಂದು ಮುಖ್ಯವಾಗಿ ಎರಡು ದಾರಿಗಳಿದ್ದವು. ಒಂದು, ಪ್ರೋಗ್ರಾಂ ಕೆಟ್ಟು ನಿಂತ ಮೇಲೆ ಯಂತ್ರದ ನೆನಪಿನಲ್ಲಿ ಉಳಿದದ್ದನ್ನು ಅಚ್ಚುಹಾಕಿ ನೋಡುವುದು. ಇದಕ್ಕೆ ಅವರು ಇಟ್ಟ ಹೆಸರು ಮರಣೋತ್ತರ ಪರೀಕ್ಷೆ! ಇನ್ನೊಂದು, ಒಂದೊಂದು ಆಜ್ಞೆ ನಡೆದಂತೆಲ್ಲ ಅದರ ಗುರುತನ್ನು ಅಚ್ಚುಹಾಕಿಸುತ್ತಾ ಹೆಜ್ಜೆ ಜಾಡು ಹಿಡಿಯುವುದು. ಸತ್ತ ಮೇಲೆ ನೋಡು, ಇಲ್ಲವೇ ಹೆಜ್ಜೆ ಗುರುತು ನೋಡು. ಬದುಕಿರುವಾಗಲೇ ನಿಲ್ಲಿಸಿ ಮಾತಾಡಿಸುವ ಸುಖ ಸಾಮಾನ್ಯರಿಗಿರಲಿಲ್ಲ. ಕಾರಣ ಸರಳ. ಯಂತ್ರದ ಒಂದು ಗಂಟೆ ಮನುಷ್ಯನ ಒಂದು ಗಂಟೆಗಿಂತ ಬಹಳ ದುಬಾರಿಯಾಗಿತ್ತು. ಒಬ್ಬ ಯಂತ್ರದ ಮುಂದೆ ಕೂತು ಗಲ್ಲಕ್ಕೆ ಕೈಯಿಟ್ಟು ಯೋಚಿಸುತ್ತಿದ್ದರೆ ಹಿಂದಿನ ಸಾಲು ಬೆಳೆಯುತ್ತಿತ್ತು. ಹಾಗಾಗಿ ದೊಡ್ಡ ಕೇಂದ್ರಗಳಲ್ಲಿ ಕಾರ್ಡಿನ ಕಟ್ಟು ಕೊಟ್ಟು ಬರುವುದು, ಮರುದಿನ ಹೋಗಿ ಕಾಗದದ ರಾಶಿ ತರುವುದು - ಇದೇ ರೂಢಿಯಾಯಿತು.

ಈ ಬಾಗಿಲು ತೆರೆದದ್ದು ಎಂಐಟಿಯಲ್ಲಿ. 1958ರಲ್ಲಿ ಟಿಎಕ್ಸ್-0 ಎಂಬ ಪ್ರಯೋಗದ ಯಂತ್ರವೊಂದು ಅಲ್ಲಿನ ವಿದ್ಯಾರ್ಥಿಗಳ ಕೈಗೆ ಬಂತು. ಇಲ್ಲಿ ಯಂತ್ರದ ಮುಂದೆ ನೇರವಾಗಿ ಕೂರಬಹುದಿತ್ತು. ಥಾಮಸ್ ಸ್ಟಾಕ್‌ಹ್ಯಾಂ ಮತ್ತು ಜ್ಯಾಕ್ ಡೆನಿಸ್ ಸೇರಿ 1960ರ ಹೊತ್ತಿಗೆ ಅದಕ್ಕೊಂದು ಸಲಕರಣೆ ಬರೆದರು. ಪ್ರೋಗ್ರಾಮನ್ನು ಬೇಕಾದ ಜಾಗದಲ್ಲಿ ನಿಲ್ಲಿಸಿ, ಟೈಪ್ ಮಾಡಿ ಪ್ರಶ್ನೆ ಕೇಳಿ, ಒಳಗಿನ ಅಂಕಿ ನೋಡಿ, ಬೇಕಿದ್ದರೆ ಬದಲಿಸಿ, ಮತ್ತೆ ಮುಂದಕ್ಕೆ ಓಡಿಸಬಹುದು. ಅದರ ಹೆಸರು ಫ್ಲಿಟ್. ಹೌದು, ನಮ್ಮ ಹಿರಿಯರು ತಿಗಣೆಗೂ ಸೊಳ್ಳೆಗೂ ಪಂಪು ಒತ್ತಿ ಹೊಡೆಯುತ್ತಿದ್ದ ಅದೇ ಫ್ಲಿಟ್! ಮುಂದೆ ಪಿಡಿಪಿ-1 ಯಂತ್ರಕ್ಕೆ ಅಲನ್ ಕೋಟಕ್ ಬರೆದ ಇಂಥದೇ ಸಲಕರಣೆಯ ಹೆಸರು ಡಿಡಿಟಿ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ನಮ್ಮ ಹಳ್ಳಿಗಳ ಗೋಡೆ ಗೋಡೆಗೂ ಬಿದ್ದ ಮದ್ದಿನ ಹೆಸರೂ ಅದೇ.

ನಿಲ್ಲಿಸುವ ಈ ಉಪಾಯವೂ ಚೆಂದದ್ದು. ಬಸ್ಸು ಬರುವ ದಾರಿಯಲ್ಲಿ ಮೊದಲೇ ಹೋಗಿ ಕೆಂಪು ಬಾವುಟ ನೆಟ್ಟ ಹಾಗೆ. ಡಿಬಗರ್ ಎಂಬ ಸಲಕರಣೆ ಪ್ರೋಗ್ರಾಮಿನ ಒಂದು ಆಜ್ಞೆಯನ್ನು ಎತ್ತಿಟ್ಟುಕೊಂಡು, ಆ ಜಾಗದಲ್ಲಿ 'ನಿಲ್ಲು' ಎಂಬ ಆಜ್ಞೆ ಇಡುತ್ತದೆ. 1978ರ ಇಂಟೆಲ್ 8086 ಚಿಪ್ಪಿನಲ್ಲಿ ಈ ಕೆಲಸಕ್ಕೆಂದೇ ಒಂದೇ ಬೈಟಿನ ಆಜ್ಞೆ ಇತ್ತು. ಯಂತ್ರ ಅಲ್ಲಿಗೆ ಬಂದು ನಿಂತಾಗ ನಾವು ಒಳಗೆ ಇಣುಕಿ ನೋಡುತ್ತೇವೆ; ನೋಡಿದ ಮೇಲೆ ಮೂಲ ಆಜ್ಞೆಯನ್ನು ಅಲ್ಲೇ ಇಟ್ಟು ಮುಂದಕ್ಕೆ ಬಿಡುತ್ತೇವೆ. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬರೆದ ಜಿಡಿಬಿ ಈ ವಿದ್ಯೆಯನ್ನು ಎಲ್ಲರಿಗೂ ಉಚಿತವಾಗಿ ಹಂಚಿತು. ಅಷ್ಟರಲ್ಲಿ ಕಂಪ್ಯೂಟರ್ ಅಗ್ಗವಾಗಿ ಮೇಜಿನ ಮೇಲೆ ಬಂದಿತ್ತು. ನಮ್ಮ ಯಂತ್ರ, ನಾವು ನಿಲ್ಲಿಸಿದರೆ ಕೇಳುವವರು ಯಾರು?

ಆದರೆ ಅಂತರಜಾಲ ಬಂದು ಈ ಹಳೆಯ ಪ್ರಶ್ನೆಯನ್ನು ಮತ್ತೆ ಎಬ್ಬಿಸಿತು. ಸರ್ವರ್ ಎಂದರೆ ಎಲ್ಲೋ ದೂರದ ಕೋಣೆಯಲ್ಲಿ, ಪರದೆಯೂ ಇಲ್ಲದೆ, ಸಾವಿರಾರು ಜನರಿಗೆ ಏಕಕಾಲಕ್ಕೆ ಉತ್ತರ ಕೊಡುವ ಯಂತ್ರ. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಹೊರತಂದ ಪಿಎಚ್‌ಪಿಯಲ್ಲಿ ಬರೆಯುವವರು ತಪ್ಪು ಹುಡುಕಲು ಸಾಮಾನ್ಯವಾಗಿ ಮಾಡುತ್ತಿದ್ದ ಉಪಾಯ ಇದು: ಅಲ್ಲಲ್ಲಿ ಒಂದು ಸಾಲು ಸೇರಿಸಿ ಒಳಗಿನ ಅಂಕಿಯನ್ನು ವೆಬ್ ಪುಟದ ಮೇಲೆಯೇ ಮೂಡಿಸುವುದು. 2002ರಲ್ಲಿ ಡೆರಿಕ್ ರೆಥಾನ್ಸ್ ಅವರ ಎಕ್ಸ್‌ಡಿಬಗ್ ಬಂತು. ಇದರಲ್ಲಿ ಸ್ವಾರಸ್ಯವೆಂದರೆ, ನಾವು ಸರ್ವರಿಗೆ ಫೋನ್ ಮಾಡುವುದಿಲ್ಲ, ಸರ್ವರೇ ನಮ್ಮ ಕಂಪ್ಯೂಟರಿಗೆ ಫೋನ್ ಮಾಡಿ "ಇಲ್ಲಿಗೆ ಬಂದು ನಿಂತಿದ್ದೇನೆ, ಮುಂದೇನು?" ಎಂದು ಕೇಳುತ್ತದೆ.

ದೂರದ ಯಂತ್ರದೊಡನೆ ಹೀಗೆ ಮಾತಾಡುವುದು ಎಷ್ಟು ದೊಡ್ಡ ವರವಾಗಬಹುದು ಎಂಬುದಕ್ಕೆ 1999ರ ಮೇ ತಿಂಗಳ ಘಟನೆಯೇ ಸಾಕ್ಷಿ. ನಾಸಾದ ಡೀಪ್ ಸ್ಪೇಸ್ 1 ನೌಕೆಯ ಸ್ವಯಂಚಾಲಕ ತಂತ್ರಾಂಶ ಇಂಜಿನ್ ನಿಲ್ಲಿಸಬೇಕಾದ ಹೊತ್ತಿಗೆ ನಿಲ್ಲಿಸದೆ ಸುಮ್ಮನಾಯಿತು. ನೌಕೆ ಕೋಟ್ಯಂತರ ಕಿಲೋಮೀಟರ್ ದೂರದಲ್ಲಿತ್ತು. ಆ ತಂತ್ರಾಂಶ ಲಿಸ್ಪ್ ಭಾಷೆಯದ್ದಾದ್ದರಿಂದ ಓಡುತ್ತಿರುವಾಗಲೇ ಅದಕ್ಕೆ ಪ್ರಶ್ನೆ ಕೇಳುವ ಸೌಲಭ್ಯ ನೌಕೆಯಲ್ಲೇ ಇತ್ತು. ಒಂದನ್ನೊಂದು ಕಾಯುತ್ತಾ ನಿಂತ ಎರಡು ಕೆಲಸಗಳ ನಡುವಿನ ತಪ್ಪನ್ನು ತಂಡ ಭೂಮಿಯಿಂದಲೇ ಪತ್ತೆಹಚ್ಚಿತು.

ಹಾಗೆಂದು ಎಲ್ಲರೂ ಇದನ್ನು ಒಪ್ಪಿದವರಲ್ಲ. 2000ದ ಸೆಪ್ಟೆಂಬರಿನಲ್ಲಿ ಲಿನಸ್ ಟೋರ್ವಾಲ್ಡ್ಸ್, ಲಿನಕ್ಸಿನ ತಿರುಳಿಗೆ ಡಿಬಗರ್ ಸೇರಿಸಲು ತಾನು ಸಿದ್ಧನಿಲ್ಲ ಎಂದು ಖಡಾಖಂಡಿತವಾಗಿ ಬರೆದರು. ಡಿಬಗರ್ ಕೈಗೆ ಸಿಕ್ಕರೆ ಜನ ರೋಗ ಬಿಟ್ಟು ಲಕ್ಷಣಕ್ಕೆ ಮದ್ದು ಹಚ್ಚುತ್ತಾರೆ, ಯೋಚಿಸಿ ಅರ್ಥಮಾಡಿಕೊಳ್ಳುವುದನ್ನು ಬಿಡುತ್ತಾರೆ ಎಂಬುದು ಅವರ ವಾದದ ಸಾರ. ಎಂಟು ವರ್ಷಗಳ ನಂತರ, 2008ರಲ್ಲಿ, ಕೆಜಿಡಿಬಿ ಎಂಬ ಡಿಬಗರ್ ಲಿನಕ್ಸಿಗೆ ಸೇರಿಯೇ ಸೇರಿತು. ಆದರೂ ಆ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ನೋಡಲು ನಿಲ್ಲಿಸಿದರೆ ಮಾಯವಾಗುವ ಬಗ್‌ಗಳೂ ಇವೆ. ಎರಡು ಕೆಲಸಗಳ ವೇಗದ ಪೈಪೋಟಿಯಲ್ಲಿ ಹುಟ್ಟುವ ತಪ್ಪು, ಒಂದನ್ನು ತಡೆದ ಕೂಡಲೇ ಹುಟ್ಟುವುದೇ ಇಲ್ಲ! ಜಿಮ್ ಗ್ರೇ 1985ರ ಪ್ರಬಂಧವೊಂದರಲ್ಲಿ ಇಂಥವನ್ನು ಭೌತವಿಜ್ಞಾನಿ ಹೈಸನ್‌ಬರ್ಗ್ ಹೆಸರಿನಲ್ಲಿ ಹೈಸನ್‌ಬಗ್ ಎಂದು ಕರೆದರು.

ಇದಕ್ಕಿಂತ ದೊಡ್ಡ ಅಪಾಯ 2015ರಲ್ಲಿ ಕಣ್ಣಿಗೆ ಬಿತ್ತು. ಕಲಾವಿದರಿಗೆ ಅಭಿಮಾನಿಗಳು ಹಣ ಕಳಿಸುವ ಪೇಟ್ರಿಯಾನ್ ತಾಣಕ್ಕೆ ಕನ್ನ ಬಿತ್ತು. ತಪ್ಪು ಹುಡುಕಲೆಂದು ಇಟ್ಟಿದ್ದ ತಾಣದ ಪ್ರತಿಯೊಂದು ಹೊರಗಿನವರಿಗೂ ಕಾಣುವಂತಿತ್ತು, ಕಳ್ಳರು ಬಂದದ್ದು ಅಲ್ಲಿಂದ ಎಂದು ಸಂಸ್ಥೆಯೇ ತಿಳಿಸಿತು. ಯೋಚಿಸಿ ನೋಡಿ. ಯಂತ್ರವನ್ನು ನಿಲ್ಲಿಸಿ, ಒಳಗಿನದನ್ನು ನೋಡಿ, ಬದಲಿಸುವ ಅಧಿಕಾರವೇ ಡಿಬಗರ್. ಅದು ಬೀದಿಯಲ್ಲಿ ಹೋಗುವವರ ಕೈಗೆ ಸಿಕ್ಕರೆ ಮನೆಯ ಬೀಗದ ಕೈಯನ್ನೇ ಕೊಟ್ಟಂತೆ.

ಅದಕ್ಕೇ ಅನುಭವಿಗಳು ಜನ ಬಳಸುತ್ತಿರುವ ಸರ್ವರನ್ನು ನಿಲ್ಲಿಸಲು ಹೋಗುವುದಿಲ್ಲ. ಅದು ತಾನಾಗಿ ಬರೆದಿಟ್ಟ ದಿನಚರಿ ಓದುತ್ತಾರೆ, ಬೇರೊಂದು ಪ್ರತಿ ಮಾಡಿ, ಅದೇ ತಪ್ಪನ್ನು ಅಲ್ಲಿ ಮರುಕಳಿಸಿ, ಆ ಪ್ರತಿಯ ಮೇಲೆ ಡಿಬಗರ್ ಹಚ್ಚುತ್ತಾರೆ. ಅಂದರೆ ಗಿಲ್ ಅವರ ಹೆಜ್ಜೆ ಜಾಡೂ ಬೇಕು, ಸ್ಟಾಕ್‌ಹ್ಯಾಂ ಅವರ ಫ್ಲಿಟ್ಟೂ ಬೇಕು. ಅಂದು ಯಂತ್ರದ ಗಂಟೆ ದುಬಾರಿ ಎಂದು ನಿಲ್ಲಿಸಲು ಬಿಡುತ್ತಿರಲಿಲ್ಲ. ಇಂದು ಅದರ ಮುಂದೆ ಕಾದಿರುವ ಜನರ ಗಂಟೆ ದುಬಾರಿ ಎಂದು ಬಿಡುವುದಿಲ್ಲ. ನಿಮ್ಮ ಮನೆಯ ಮಗನೋ ಸೊಸೆಯೋ ಮಾನಿಟರಿನತ್ತ ನೆಟ್ಟ ನೋಟ ಇಟ್ಟು ರಾತ್ರಿ ಸುಮ್ಮನೆ ಕೂತಿದ್ದರೆ ಕೆಲಸ ನಿಂತಿದೆ ಎಂದುಕೊಳ್ಳಬೇಡಿ. ಯಾರ ಕೆಲಸವನ್ನೂ ನಿಲ್ಲಿಸದೆ ಹುಳುಕು ಹುಡುಕುವ ದಾರಿಯನ್ನು ಅವರು ಯೋಚಿಸುತ್ತಿರಬಹುದು. ಒಂದು ಲೋಟ ಕಾಫಿ ಪಕ್ಕದಲ್ಲಿಟ್ಟು ಬನ್ನಿ.